ಮನೆ ಮತ್ತೆ ಮತ್ತೆ ಹರಡಿಕೊಳ್ಳುವವರಿಗೆ: ಯಾವುದು ಮೊದಲು, ಯಾವುದು ಆಮೇಲೆ

ಆಯುಧಪೂಜೆಗೆ ಮನೆಯೆಲ್ಲ ತೊಳೆದು, ಬೀರು ಒರೆಸಿ, ಸ್ಕೂಟರಿಗೆ ಹೂವಿನ ಹಾರ ಹಾಕಿ ಮುಗಿಸಿರುತ್ತೀರಿ. ಅಲ್ಲಿಂದ ದೀಪಾವಳಿಗೆ ಮೂರು ವಾರ. ಅಷ್ಟರಲ್ಲಿ ಡೈನಿಂಗ್ ಟೇಬಲ್ ಮೇಲೆ ಕರೆಂಟ್ ಬಿಲ್ಲು, ಹೆಲ್ಮೆಟ್ಟು, ಅರ್ಧ ಮಡಿಚಿದ ಬಟ್ಟೆ, ಯಾರದೋ ಗೃಹಪ್ರವೇಶದಲ್ಲಿ ಕೊಟ್ಟ ತಾಂಬೂಲದ ಚೀಲ. ಊಟ ಸೋಫಾದ ಮೇಲೆ.

"ಮತ್ತೆ ಹಾಗೇ ಆಯ್ತು" ಅಂತ ನನ್ನ ಹತ್ತಿರ ಹೇಳಿಕೊಂಡವರಲ್ಲಿ ಮುಕ್ಕಾಲು ಜನ ಮಾಡಿದ್ದು ಒಂದೇ ತಪ್ಪು. ಕೊನೆಗೆ ಮಾಡಬೇಕಾದ್ದನ್ನು ಮೊದಲು ಮಾಡಿದರು. ಅಂದರೆ, ಬೀರುವಿನಿಂದ ಶುರು ಮಾಡಿದರು. ಈ ಬರಹ ಪೂರ್ತಿ ಆ ಕ್ರಮದ ಬಗ್ಗೆಯೇ.

ಜ್ವರ ಬಂದು ವಾರ ಮಲಗಿದಾಗ, ಮಗಳ ಮದುವೆ ಮುಗಿದಾಗ ಮನೆ ಹರಡಿಕೊಳ್ಳುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಹತ್ತು ದಿನದಲ್ಲಿ ತಾನಾಗಿ ಸರಿಹೋಗುತ್ತದೆ. ಅಂಥವರು ಇದನ್ನು ಓದಬೇಕಿಲ್ಲ. ವರ್ಷಗಟ್ಟಲೆ ಹೀಗೇ ಇದ್ದು, ಹತ್ತು ಸಲ ಸರಿಮಾಡಲು ಹೋಗಿ ಹತ್ತು ಸಲವೂ ಸೋತು, ದುಡ್ಡು, ಸಮಯ, ಮನೆಯವರ ಜೊತೆಗಿನ ಮಾತು ಎಲ್ಲ ಕೆಡುತ್ತಿದ್ದರೆ ಅದು ಬೇರೆ ಥರದ ತೊಂದರೆ. ಇಂಥವರಿಗೆ ಸೋಮಾರಿ ಅಂತ ಹೆಸರು ಬಿದ್ದಿರುತ್ತದೆ. ಸೋಮಾರಿ ಆಗಿದ್ದರೆ ಹತ್ತು ಸಲ ಪ್ರಯತ್ನ ಪಡುತ್ತಿರಲಿಲ್ಲ, ಅಲ್ವಾ? ನಾನೂ ಇದೇ ಗುಂಪಿನವನು. ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲಿ ಮೂರು ಕತ್ತರಿ ಇದ್ದ ಕಾಲಕ್ಕೂ ಬೇಕಾದಾಗ ಒಂದೂ ಸಿಗುತ್ತಿರಲಿಲ್ಲ.

## ಬೇಕಾದ ಸಾಮಾನು, ಮತ್ತು ತರಲೇಬಾರದ ಸಾಮಾನು

ಖರ್ಚು ಇನ್ನೂರು ರೂಪಾಯಿ ದಾಟಬಾರದು. ಅಕ್ಕಿ ಬಂದ 25 ಕೆಜಿ ಖಾಲಿ ಚೀಲ ಮೂರು. ದಿನಸಿ ಅಂಗಡಿಯಲ್ಲಿ ಕೇಳಿದರೆ ಕೊಡುವ ರಟ್ಟಿನ ಡಬ್ಬ ನಾಲ್ಕು. ದಪ್ಪ ಮಾರ್ಕರ್ ಒಂದು. ಮೊಳೆ, ಸುತ್ತಿಗೆ. ಬಾಯಿ ಅಗಲ ಇರುವ, ಮುಚ್ಚಳ ಇಲ್ಲದ ಬುಟ್ಟಿ ಎರಡು. ಮೈಸೂರಿನವರಾದರೆ ಬಂಬೂ ಬಜಾರ್ ಕಡೆ ಹೋದಾಗ ಬಿದಿರಿನ ಬುಟ್ಟಿ ತನ್ನಿ, ಗಟ್ಟಿ ಇರುತ್ತದೆ. ಒಂದು ದೊಡ್ಡ ಗೋಡೆ ಕ್ಯಾಲೆಂಡರ್, ಅದಕ್ಕೆ ದಾರದಲ್ಲಿ ಕಟ್ಟಿದ ಪೆನ್ನು. ನಮ್ಮ ತಾತನ ಕಾಲದಲ್ಲಿ ಇರುತ್ತಿತ್ತಲ್ಲ, ಬಿಲ್ಲು ಚುಚ್ಚುವ ಬಾಗಿದ ತಂತಿ, ಅದೂ ಒಂದು. ಹಾರ್ಡ್‌ವೇರ್ ಅಂಗಡಿಯಲ್ಲಿ ದಪ್ಪ ತಂತಿ ತಂದು ಬಗ್ಗಿಸಿಕೊಂಡರೂ ಆಯಿತು.

ತರಲೇಬಾರದ್ದು ಅಂದರೆ ಮುಚ್ಚಳ ಇರುವ ಚೆಂದದ ಪ್ಲಾಸ್ಟಿಕ್ ಡಬ್ಬಗಳು. ಎಲ್ಲರೂ ಮೊದಲು ಓಡುವುದು ಅಲ್ಲಿಗೇ. ನಮ್ಮಂಥವರಿಗೆ ಕಣ್ಣಿಗೆ ಬೀಳದ ವಸ್ತು ಇಲ್ಲದ ಹಾಗೆ. ಮುಚ್ಚಳ ಹಾಕಿದ ಕ್ಷಣಕ್ಕೆ ಒಳಗಿರುವುದು ಮರೆತುಹೋಗುತ್ತದೆ. ಆಮೇಲೆ ಅದನ್ನೇ ಇನ್ನೊಮ್ಮೆ ಕೊಳ್ಳುತ್ತೇವೆ. ಮನೆಯಲ್ಲಿ ಈಗಾಗಲೇ ಅಂಥ ಡಬ್ಬಗಳಿದ್ದರೆ ಮುಚ್ಚಳ ಮಾತ್ರ ತೆಗೆದು ಅಟ್ಟಕ್ಕೆ ಹಾಕಿ.

ಇನ್ನೊಂದು ಮಾತು. ಇದಕ್ಕೆ ಅಂತ ರಜೆ ಹಾಕಬೇಡಿ. ಭಾನುವಾರ ಬೆಳಿಗ್ಗೆ ಆರಕ್ಕೆ ಎದ್ದು, ಮನೆಯಲ್ಲಿರುವುದನ್ನೆಲ್ಲ ಹಜಾರಕ್ಕೆ ಎಳೆದು, ಮಧ್ಯಾಹ್ನ ಎರಡಕ್ಕೆ ಸುಸ್ತಾಗಿ, ರಾತ್ರಿ ಎಲ್ಲವನ್ನೂ ಸಿಕ್ಕ ಸಿಕ್ಕಲ್ಲಿ ತುರುಕಿದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕನ್ನಡಿಯಲ್ಲೂ ನೋಡಿದ್ದೇನೆ.

## ಹಂತ 1: ಏನು ಹುಡುಕುತ್ತೀರಿ ಅಂತ ಒಂದು ವಾರ ಬರೆಯಿರಿ

ಮೊದಲ ವಾರ ಏನನ್ನೂ ಜೋಡಿಸಬೇಡಿ. ಕ್ಯಾಲೆಂಡರಿನ ಪಕ್ಕ ಒಂದು ಹಾಳೆ ಅಂಟಿಸಿ. ಏನಾದರೂ ಹುಡುಕಿದ ತಕ್ಷಣ ಎರಡು ಪದ ಬರೆಯಿರಿ: ಯಾವ ವಸ್ತು, ಕೊನೆಗೆ ಎಲ್ಲಿ ಸಿಕ್ಕಿತು. ಅಷ್ಟೇ.

ವಾರದ ಕೊನೆಗೆ ಹಾಳೆ ನೋಡಿದರೆ ಆಶ್ಚರ್ಯ ಆಗುತ್ತದೆ. ಮನೆಯಲ್ಲಿ ಸಾವಿರ ವಸ್ತು ಇರಬಹುದು, ನಿಮ್ಮ ಜೀವ ತಿನ್ನುತ್ತಿರುವುದು ಐದಾರು ಮಾತ್ರ. ನನ್ನ ಹಾಳೆಯಲ್ಲಿ ಸ್ಕೂಟರ್ ಕೀ ಒಂಬತ್ತು ಸಲ, ಕನ್ನಡಕ ಆರು ಸಲ, ಬಿಪಿ ಮಾತ್ರೆ ನಾಲ್ಕು ಸಲ ಇತ್ತು. ಒಂಬತ್ತರಲ್ಲಿ ಏಳು ಸಲ ಕೀ ಸಿಕ್ಕಿದ್ದು ಫ್ರಿಜ್ ಮೇಲೆ.

ಎಲ್ಲರೂ ಎಡವುವುದು ಇಲ್ಲೇ. ಫ್ರಿಜ್ ಮೇಲೆ ಸಿಗುತ್ತಿದೆ ಅಂದರೆ "ಇನ್ಮುಂದೆ ಶೋಕೇಸಿನಲ್ಲಿ ಇಡಬೇಕು" ಅಂತ ಶಪಥ ಮಾಡುತ್ತಾರೆ. ಮಾಡಬೇಡಿ. ನಿಮ್ಮ ಕೈ ಈಗಾಗಲೇ ಜಾಗ ಆರಿಸಿಕೊಂಡಿದೆ. ಹೊರಗಿನಿಂದ ಬಂದು, ಸೀದಾ ಅಡುಗೆಮನೆಗೆ ನೀರು ಕುಡಿಯಲು ಹೋಗುವಾಗ ಕೀ ಇಡುತ್ತಿದ್ದೀರಿ. ಹಾಗಾದರೆ ಫ್ರಿಜ್ ಮೇಲೆಯೇ ಒಂದು ಬುಟ್ಟಿ ಇಡಿ, ಅಥವಾ ಅದರ ಪಕ್ಕದ ಗೋಡೆಗೆ ಮೊಳೆ ಹೊಡೆಯಿರಿ. ನೋಡುವುದಕ್ಕೆ ಚೆನ್ನಾಗಿರಲ್ಲ ಅಂತ ಮನೆಯವರು ಅಂದರೆ ಅನ್ನಲಿ.

ಹಾಳೆಯ ಮೇಲಿನ ಮೊದಲ ಐದು ವಸ್ತುಗಳಿಗೆ ಮಾತ್ರ ಹೀಗೆ ಜಾಗ ಮಾಡಿ. ಆರನೆಯದಕ್ಕೆ ಕೈ ಹಾಕಬೇಡಿ. ಮಾತ್ರೆ ತೆಗೆದುಕೊಳ್ಳುವವರು ಏಳು ದಿನದ ಗೂಡು ಇರುವ ಡಬ್ಬಿ ಮೆಡಿಕಲ್ ಶಾಪಿನಿಂದ ತಂದು, ಕಾಫಿ ಪುಡಿಯ ಪಕ್ಕ ಇಡಿ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಅವರ ಕೈಗೆ ಎಟುಕದ ಎತ್ತರ ನೋಡಿಕೊಳ್ಳಿ. ಕಾಫಿ ಮರೆಯುವವರು ನಮ್ಮ ಕಡೆ ಕಡಿಮೆ, ಹಾಗಾಗಿ ಮಾತ್ರೆಯೂ ನೆನಪಿಗೆ ಬರುತ್ತದೆ.

ಎರಡು ವಾರ ಆದಮೇಲೂ ಆ ಐದು ವಸ್ತು ತಪ್ಪುತ್ತಿದ್ದರೆ ಜಾಗ ತಪ್ಪಾಗಿದೆ ಅಂತ ಅರ್ಥ. ಮೊಳೆ ಕಿತ್ತು ಒಂದು ಮೊಳ ಆಚೆಗೆ ಹೊಡೆಯಿರಿ. ನಿಮ್ಮನ್ನು ನೀವು ಬೈದುಕೊಂಡರೆ ಮೊಳೆ ಸರಿಯಲ್ಲ.

## ಹಂತ 2: ದಾರಿ ಬಿಡಿಸಿ

ಈಗಲೂ ಬೀರು ಮುಟ್ಟುವ ಹಾಗಿಲ್ಲ. ಮೊದಲು ನೆಲ.

ಬಾಗಿಲಿಂದ ಮಂಚಕ್ಕೆ, ಮಂಚದಿಂದ ಬಚ್ಚಲಿಗೆ, ಅಡುಗೆಮನೆಯಿಂದ ಹೊರಗೆ. ಈ ಮೂರು ದಾರಿಯಲ್ಲಿ ಕತ್ತಲಲ್ಲೂ ಎಡವದೆ ನಡೆಯುವ ಹಾಗಿರಬೇಕು. ವಯಸ್ಸಾದವರು ಇರುವ ಮನೆಯಲ್ಲಿ ರಾತ್ರಿ ಬಚ್ಚಲಿಗೆ ಹೋಗುವಾಗ ಒಂದು ಚೀಲಕ್ಕೆ ಕಾಲು ಸಿಕ್ಕಿ ಬಿದ್ದರೆ ಸೊಂಟದ ಮೂಳೆ ಹೋಯಿತು. ಆಮೇಲೆ ಒಲೆಯ ಸುತ್ತ ಎರಡು ಅಡಿ: ಪೇಪರು, ಎಣ್ಣೆ ಪ್ಯಾಕೆಟ್ಟು, ಒರೆಸುವ ಬಟ್ಟೆಯ ಗುಡ್ಡೆ ಯಾವುದೂ ಇರಬಾರದು. ಯುಪಿಎಸ್ ಬ್ಯಾಟರಿ ಮೇಲೆ ಹಳೆ ಪತ್ರಿಕೆ ಪೇರಿಸಿದ್ದರೆ ಇವತ್ತೇ ತೆಗೆಯಿರಿ, ಈ ಬರಹ ಆಮೇಲೆ ಓದಿ.

ಮಾಡುವ ವಿಧಾನ ಹೀಗೆ. ಫೋನಿನಲ್ಲಿ 15 ನಿಮಿಷಕ್ಕೆ ಅಲಾರಂ ಇಟ್ಟು, ಫೋನನ್ನು ಬೇರೆ ಕೋಣೆಯಲ್ಲಿ ಇಡಿ. ಕೈಯಲ್ಲಿದ್ದರೆ ಹದಿನೈದು ನಿಮಿಷವೂ ವಾಟ್ಸಾಪಿಗೆ ಹೋಗುತ್ತದೆ. ಮೂರು ಅಕ್ಕಿಚೀಲದ ಮೇಲೆ ಮಾರ್ಕರಿನಲ್ಲಿ ಬರೆಯಿರಿ: "ಕಸ", "ಬೇರೆ ರೂಮು", "ಗೊತ್ತಿಲ್ಲ". ನೆಲದ ಮೇಲಿರುವ ಒಂದೊಂದನ್ನೂ ಎತ್ತಿ ಮೂರರಲ್ಲಿ ಒಂದಕ್ಕೆ ಹಾಕುತ್ತಾ ಹೋಗಿ.

ಕೋಣೆ ಬಿಟ್ಟು ಹೊರಗೆ ಕಾಲಿಡಬೇಡಿ. ಇದು ಸಣ್ಣ ಮಾತು ಅನ್ನಿಸುತ್ತದೆ. ಇಡೀ ಕೆಲಸ ಕೆಡುವುದು ಇದರಿಂದಲೇ. ಒಂದು ಲೋಟ ಸಿಗುತ್ತದೆ, ಅಡುಗೆಮನೆಗೆ ಹೋಗುತ್ತೀರಿ. ಅಲ್ಲಿ ಹಾಲು ಕಾಯಿಸಿಲ್ಲ ಅಂತ ನೆನಪಾಗುತ್ತದೆ. ಹಾಲು ಕಾಯುವ ತನಕ ಸಿಂಕಿನ ಪಾತ್ರೆಗೆ ಕೈ ಹಾಕುತ್ತೀರಿ. ಅಲಾರಂ ಹೊಡೆದಾಗ ನೀವು ಹಿತ್ತಲಲ್ಲಿ ಗಿಡಕ್ಕೆ ನೀರು ಹಾಕುತ್ತಿರುತ್ತೀರಿ. ಲೋಟ "ಬೇರೆ ರೂಮು" ಚೀಲಕ್ಕೆ ಹೋಗಲಿ. ಅಲಾರಂ ಹೊಡೆದ ಮೇಲೆ ಐದು ನಿಮಿಷ ಆ ಚೀಲ ಹಿಡಿದು ಮನೆಯೆಲ್ಲ ಒಂದು ಸುತ್ತು ಬಂದು ಹಂಚಿ.

"ಕಸ" ಚೀಲವನ್ನು ಆವತ್ತೇ ಹಸಿ, ಒಣ ಅಂತ ಬೇರೆ ಮಾಡಿ ಬಾಗಿಲ ಹತ್ತಿರ ಇಡಿ, ಬೆಳಿಗ್ಗೆ ಕಸದ ಗಾಡಿಗೆ ಸಿದ್ಧ ಇರಲಿ. ಗುಜರಿಗೆ ಕೊಟ್ಟರೆ ನಲವತ್ತು ರೂಪಾಯಿ ಬರುತ್ತೆ ಅಂತ ಎತ್ತಿಟ್ಟಿದ್ದು ಆರು ತಿಂಗಳು ಮೂಲೆಯಲ್ಲಿ ಕೂರುತ್ತದೆ. ಆ ಮೂಲೆಯ ಬಾಡಿಗೆ ಲೆಕ್ಕ ಹಾಕಿದರೆ ನಲವತ್ತು ಏನೂ ಅಲ್ಲ. "ಗೊತ್ತಿಲ್ಲ" ಚೀಲದ ಬಾಯಿ ಕಟ್ಟಿ, ಮೇಲೆ ಇವತ್ತಿನ ತಾರೀಕು ಬರೆದು ಪಕ್ಕಕ್ಕಿಡಿ. ಅದರ ಗತಿ ಆರನೇ ಹಂತದಲ್ಲಿ.

ದಿನಕ್ಕೆ ಒಂದೇ ಹದಿನೈದು ನಿಮಿಷ. ಹುರುಪು ಬಂದರೂ ಎರಡಕ್ಕಿಂತ ಜಾಸ್ತಿ ಬೇಡ. ಇವತ್ತು ನಾಲ್ಕು ಗಂಟೆ ಮಾಡಿದವರು ನಾಳೆಯಿಂದ ಹದಿನೈದು ದಿನ ಮಾಡುವುದಿಲ್ಲ.

## ಹಂತ 3: ಕಾಗದ

ಎಲ್ಲಕ್ಕಿಂತ ಕಷ್ಟದ್ದು, ದುಡ್ಡು ಜಾಸ್ತಿ ಕಳೆಯುವುದೂ ಇದೇ. ನಿಧಾನವಾಗಿ ಓದಿ.

ನನ್ನದೇ ಒಂದು ಕಥೆ ಹೇಳುತ್ತೇನೆ. ಹೆಂಡತಿಯ ಎರಡು ಬಳೆ ಅಡ ಇಟ್ಟಿದ್ದೆ. ಅಡದ ಚೀಟಿ ಎಲ್ಲೋ ಹೋಯಿತು. ಚೀಟಿ ಕಣ್ಣಿಗೆ ಬೀಳದ್ದರಿಂದ ವಾಯಿದೆಯೂ ಮರೆತುಹೋಯಿತು. ದಂಡ ಬಡ್ಡಿ ಕಟ್ಟಿ ಬಿಡಿಸಿಕೊಂಡೆ, ಮನೆಯಲ್ಲಿ ಎರಡು ವಾರ ಮಾತಿಲ್ಲ. ಎಂಟು ತಿಂಗಳಾದ ಮೇಲೆ ಒಂದು ತಾಂಬೂಲದ ಚೀಲ ಎತ್ತಿದಾಗ ಒಳಗೆ ಗಟಗಟ ಅಂತು. ತೆಂಗಿನಕಾಯಿ ಒಣಗಿ ಕೊಬ್ಬರಿಯಾಗಿ ಚಿಪ್ಪಿನೊಳಗೆ ಉರುಳುತ್ತಿತ್ತು. ಅದರ ಕೆಳಗೆ ಕರ್ರಗೆ ಪುಡಿಯಾದ ವೀಳ್ಯದೆಲೆ, ಒಂದು ರವಿಕೆ ಕಣ, ಆ ಚೀಟಿ. ಬ್ಯಾಂಕಿಂದ ಬಂದವನು ದಾರಿಯಲ್ಲಿ ಯಾರದೋ ನಾಮಕರಣಕ್ಕೆ ಹೋಗಿದ್ದೆ, ಚೀಟಿ ಜೇಬಲ್ಲಿ ಮಡಿಚಿಹೋಗುತ್ತೆ ಅಂತ ಜೋಪಾನವಾಗಿ ಚೀಲಕ್ಕೆ ಹಾಕಿದ್ದೆ. "ಜೋಪಾನವಾಗಿ ಇಟ್ಟಿದ್ದೀನಿ" ಅನ್ನುವುದೇ ನಮ್ಮ ಮನೆಗಳಲ್ಲಿ ಕಳೆದುಹೋಗಿದೆ ಅನ್ನುವುದರ ಇನ್ನೊಂದು ಹೆಸರು.

ಮೊದಲು ಹೊಸ ಕಾಗದ. ಹಳೆಯ ರಾಶಿಗೆ ಕೈ ಹಾಕುವ ಮೊದಲು ಇವತ್ತು ಬರುವ ಕಾಗದಕ್ಕೆ ಒಂದೇ ಒಂದು ಜಾಗ ಮಾಡಿ. ಬಾಗಿಲ ಹತ್ತಿರ ಒಂದು ಬುಟ್ಟಿ. ಬಿಲ್ಲು, ಔಷಧಿ ಚೀಟಿ, ಶಾಲೆಯ ನೋಟೀಸು, ಕೊರಿಯರ್ ಕವರು ಎಲ್ಲ ಅದಕ್ಕೇ. ಚೀಲದಲ್ಲಿ ಬಂದರೆ ಚೀಲ ಅಲ್ಲೇ ಖಾಲಿ ಮಾಡಿ. ವಾರಕ್ಕೊಮ್ಮೆ, ನಿಮಗೆ ಹೊಂದುವ ಒಂದು ದಿನ, ಬುಟ್ಟಿ ಬಗ್ಗಿಸಿ. ದುಡ್ಡು ಕಟ್ಟಬೇಕಾದ್ದರ ಕೊನೇ ದಿನವನ್ನು ಕ್ಯಾಲೆಂಡರಿನಲ್ಲಿ ಬರೆದು, ಬಿಲ್ಲನ್ನು ತಂತಿಗೆ ಚುಚ್ಚಿ. ಕಟ್ಟಿದ ಮೇಲೆ ಅದರ ಮೂಲೆ ಹರಿಯಿರಿ. ಮೂಲೆ ಇರುವ ಬಿಲ್ಲು ಇನ್ನೂ ಬಾಕಿ. ದೂರದಿಂದಲೇ ಕಾಣುತ್ತದೆ.

ಆಮೇಲೆ ಹಳೆಯದು, ನಾಲ್ಕು ರಟ್ಟಿನ ಡಬ್ಬಕ್ಕೆ. ಒಂದೊಂದು ಹಾಳೆಯನ್ನೂ ಓದಲು ಕೂರಬೇಡಿ. ತಲೆಬರಹ ನೋಡಿ ಹಾಕಿ.

1. "ಮತ್ತೆ ಸಿಗಲ್ಲ": ಮನೆ ಅಥವಾ ಸೈಟಿನ ಕ್ರಯಪತ್ರ, ಪಾಲುಪತ್ರ, ವಿಮೆ ಬಾಂಡು, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ಜನನ ಮರಣ ಪತ್ರ, ಅಡದ ಚೀಟಿ. ಇವುಗಳಲ್ಲಿ ಕೆಲವಕ್ಕೆ ನಕಲು ಸಿಗುತ್ತದೆ, ಆದರೆ ಅದಕ್ಕೆ ತಿರುಗುವುದೇ ಒಂದು ಶಿಕ್ಷೆ. ಜೋಪಾನಕ್ಕೆ ಅಂತ ಲ್ಯಾಮಿನೇಷನ್ ಮಾಡಿಸಬೇಡಿ. ಅಂಟಿದ ಪ್ಲಾಸ್ಟಿಕ್ ಬಿಡಿಸಲು ಹೋದರೆ ಹಾಳೆ ಹರಿಯುತ್ತದೆ, ಹಿಂದೆ ಸೀಲು ಬೀಳಬೇಕಾದ ಕಾಗದವಾದರೆ ತಲೆನೋವು.
2. "ಈ ವರ್ಷ": ಕಂದಾಯದ ರಸೀದಿ, ಗಾಡಿ ಇನ್ಶೂರೆನ್ಸು, ಎಮಿಷನ್ ಚೀಟಿ, ಈಗ ನಡೆಯುತ್ತಿರುವ ಚಿಕಿತ್ಸೆಯ ರಿಪೋರ್ಟು, ಗ್ಯಾರಂಟಿ ಕಾರ್ಡು.
3. "ಮನಸ್ಸಿನದು": ಫೋಟೊ, ಪತ್ರ, ಮಗ ಮೊದಲ ಸಲ ಬರೆದ ಚಿತ್ರ. ಇದನ್ನು ಈಗ ತೆರೆಯಬೇಡಿ. ತೆರೆದರೆ ಸಂಜೆ ಹೋಯಿತು.
4. "ಹೋಗಲಿ": ಉಳಿದದ್ದೆಲ್ಲ. ಅಕೌಂಟ್ ನಂಬರು, ಆಧಾರ್ ನಂಬರು ಇರುವ ಹಾಳೆಯನ್ನು ಹರಿದು ಹಾಕಿ.

ಡ್ರೈವಿಂಗ್ ಲೈಸೆನ್ಸ್ ಮತ್ತು ಗಾಡಿಯ ಆರ್‌ಸಿಯನ್ನು ಡಿಜಿಲಾಕರಿಗೆ ಹಾಕಿಕೊಳ್ಳಿ. ಪೊಲೀಸರು ಕೇಳಿದಾಗ ಅದರಲ್ಲಿ ತೋರಿಸಿದರೆ ಮೂಲ ಪ್ರತಿ ತೋರಿಸಿದಷ್ಟೇ ಬೆಲೆ. ಗ್ಯಾಲರಿಯಲ್ಲಿರುವ ಬರೀ ಫೋಟೊಗೆ ಆ ಬೆಲೆ ಇಲ್ಲ, ಎರಡನ್ನೂ ಒಂದೇ ಅಂದುಕೊಳ್ಳಬೇಡಿ.

ಮನೆ ಕಂದಾಯದ ವಿಷಯ ಕ್ಯಾಲೆಂಡರಿನಲ್ಲಿ ಏಪ್ರಿಲ್ 1ಕ್ಕೇ ದೊಡ್ಡದಾಗಿ ಬರೆಯಿರಿ. ವರ್ಷದ ಕಂದಾಯವನ್ನು ಪೂರ್ತಿಯಾಗಿ ಏಪ್ರಿಲ್ ಮುಗಿಯುವುದರೊಳಗೆ ಕಟ್ಟಿದರೆ ಶೇ. 5 ರಿಯಾಯಿತಿ. ಬಿಟ್ಟರೆ ಮುಂದೆ ದಂಡ ಬೆಳೆಯುತ್ತಾ ಹೋಗುತ್ತದೆ. ಹಿಂದಿನ ವರ್ಷದ ರಸೀದಿ ಸಿಗದೆ ಮೇ ತನಕ ಹುಡುಕಿ ಆ ಐದು ಪರ್ಸೆಂಟ್ ಕಳೆದುಕೊಳ್ಳುವವರು ನಮ್ಮ ಬೀದಿಯಲ್ಲೇ ಇದ್ದಾರೆ.

ಲಗ್ನಪತ್ರಿಕೆ ವಿಷಯ ಎಲ್ಲರೂ ಕೇಳುತ್ತಾರೆ. ಮೇಲೆ ಗಣಪತಿ ಇರುತ್ತಾನೆ, ವೆಂಕಟರಮಣ ಇರುತ್ತಾನೆ, ಕಸಕ್ಕೆ ಹಾಕಲು ಮನಸ್ಸು ಬರಲ್ಲ. ನಮ್ಮನೆಯಲ್ಲಿ ಹಾಗೇ ಒಂದು ಗೋಣಿಚೀಲ ತುಂಬಿತ್ತು. ನನ್ನ ಹೆಂಡತಿ ಕಂಡುಕೊಂಡ ದಾರಿ: ಕತ್ತರಿಯಿಂದ ದೇವರ ಚಿತ್ರದಷ್ಟು ಕತ್ತರಿಸಿ ಒಂದು ಕವರಿಗೆ ಹಾಕುವುದು, ಉಳಿದ ರಟ್ಟು ಒಣ ಕಸಕ್ಕೆ. ಗೋಣಿಚೀಲ ಒಂದು ಕವರಾಯಿತು. ಆ ಕವರನ್ನು ಏನು ಮಾಡಬೇಕು ಅಂತ ಇನ್ನೂ ತೀರ್ಮಾನ ಆಗಿಲ್ಲ. ಇರಲಿ, ಕವರು ಜಾಗ ತಿನ್ನಲ್ಲ.

## ಹಂತ 4: ಗಡಿಯಾರದ ಜೊತೆ ರಾಜಿ

ಸಾಮಾನು ಹರಡುವವರಿಗೆ ಸಮಯವೂ ಹರಡುತ್ತದೆ. "ಐದೇ ನಿಮಿಷ" ಅಂದದ್ದು ನಲವತ್ತು ನಿಮಿಷ ಆಗುತ್ತದೆ. ಸುಳ್ಳು ಹೇಳುತ್ತಿರುವುದಿಲ್ಲ, ನಿಜಕ್ಕೂ ಐದು ಅನ್ನಿಸಿರುತ್ತದೆ.

ಮೂರು ಕೆಲಸ ಆರಿಸಿ, ಮೂರು ದಿನ ಅಳೆಯಿರಿ. ಸ್ನಾನ ಮಾಡಿ ಬಟ್ಟೆ ಹಾಕಿಕೊಳ್ಳುವುದು, ತಿಂಡಿ, ಮನೆಗೆ ಬೀಗ ಹಾಕಿ ಗೇಟು ದಾಟುವುದು. ನನಗೆ ಈ ಮೂರನೆಯದೇ 11 ನಿಮಿಷ ಹಿಡಿಯುತ್ತಿತ್ತು. ಅದಕ್ಕೆ ಅಂತ ಸಮಯವನ್ನೇ ಇಟ್ಟಿರಲಿಲ್ಲ.

ಇನ್ನು ಲೆಕ್ಕ ಹಿಂದಿನಿಂದ ಹಾಕಿ. ಒಂಬತ್ತಕ್ಕೆ ಸಬರ್ಬನ್ ಬಸ್ ಸ್ಟ್ಯಾಂಡಿನಲ್ಲಿ ಇರಬೇಕು. ಕುವೆಂಪುನಗರದಿಂದ ಅರ್ಧ ಗಂಟೆ ಇಟ್ಟುಕೊಂಡರೆ ಎಂಟೂವರೆಗೆ ಗೇಟು ದಾಟಬೇಕು. ಬೀಗ, ಚಪ್ಪಲಿ, "ಗ್ಯಾಸ್ ಆಫ್ ಮಾಡಿದ್ನಾ" ಎಲ್ಲ ಸೇರಿ 8.15ಕ್ಕೇ ಹೊರಡುವ ಕೆಲಸ ಶುರು. ಅಲಾರಂ 8.15ಕ್ಕೆ ಇಡಿ. ಒಂಬತ್ತಕ್ಕೆ ಇಟ್ಟ ಅಲಾರಂ ತಡ ಆಗಿದೆ ಅಂತ ಹೇಳಲು ಮಾತ್ರ ಉಪಯೋಗ.

ಕ್ಯಾಲೆಂಡರ್ ಒಂದೇ ಇರಲಿ. ಫೋನಿನಲ್ಲಿ ಅರ್ಧ, ಡೈರಿಯಲ್ಲಿ ಅರ್ಧ, ಗೋಡೆಯಲ್ಲಿ ಅರ್ಧ ಇದ್ದರೆ ಮೂರೂ ಕೈಕೊಡುತ್ತವೆ. ಹಬ್ಬ, ಏಕಾದಶಿ ನೋಡಲು ಮನೆಯವರೆಲ್ಲ ಹೇಗೂ ಗೋಡೆ ಕ್ಯಾಲೆಂಡರ್ ನೋಡುತ್ತಾರೆ, ಹಾಲಿನ ಲೆಕ್ಕವೂ ಅಲ್ಲೇ ಇರುತ್ತದೆ. ಅದನ್ನೇ ಹಿಡಿಯಿರಿ.

## ಹಂತ 5: ಜೊತೆಗೆ ಒಬ್ಬರು ಕೂರಲಿ

ಒಬ್ಬರೇ ಮಾಡಿದಾಗ ಆಗದ ಕೆಲಸ, ಪಕ್ಕದಲ್ಲಿ ಒಬ್ಬರು ಸುಮ್ನೆ ಕೂತಿದ್ದರೆ ಆಗುತ್ತದೆ. ಅವರು ಕೈ ಹಾಕಬೇಕಿಲ್ಲ. ಬಟಾಣಿ ಬಿಡಿಸುತ್ತಾ ಕೂತರೂ ಸಾಕು. ಗಮನ ಹಾರುವವರಿಗೆ ಇದರಷ್ಟು ಕೆಲಸ ಮಾಡುವ ಉಪಾಯ ನಾನು ಬೇರೆ ಕಂಡಿಲ್ಲ.

ಯಾರನ್ನು ಕರೆಯಬೇಕು ಅನ್ನುವುದು ಮುಖ್ಯ. ಮನೆ ಫಳಫಳ ಇಟ್ಟುಕೊಳ್ಳುವ ನಾದಿನಿ ಬೇಡ. ಬುದ್ಧಿ ಹೇಳುವ ಮಾವ ಬೇಡವೇ ಬೇಡ. ಬಂದವರಿಗೆ ಮೊದಲೇ ಹೇಳಿ: "ಯಾಕೆ ಹೀಗೆ ಇಟ್ಕೊಂಡಿದ್ದೀಯ" ಅಂತ ಕೇಳುವ ಹಾಗಿಲ್ಲ. ಕೇಳಬಹುದಾದ್ದು ಒಂದೇ, "ಇದು ಯಾವ ಡಬ್ಬಕ್ಕೆ?"

ಮಂಡ್ಯದಲ್ಲಿರುವ ನಮ್ಮಕ್ಕನ ಮನೆಯ ಹಜಾರದಲ್ಲಿ ನಾನು ಹೀಗೆ ಕೂತಿದ್ದೆ. ಖಾಲಿ ಗೊಬ್ಬರದ ಚೀಲಗಳು, ಕಬ್ಬು ತೂಕದ ಚೀಟಿಗಳು, ಒಂದು ಕವರಿನಲ್ಲಿ ಎಂಟು ಪಹಣಿ. ಎಂಟೂ ಒಂದೇ ಸರ್ವೆ ನಂಬರಿನದು, ಬೇರೆ ಬೇರೆ ವರ್ಷ ತೆಗೆಸಿದ ಕಂಪ್ಯೂಟರ್ ಪ್ರತಿ.

"ಅಕ್ಕ, ಇದು ಯಾವ ಡಬ್ಬಕ್ಕೆ?"

"ಇರ್ಲಿ ಬುಡ್ಲಾ, ಯಾತಕ್ಕಾರ ಆಯ್ತದೆ."

ನಾನು ಮತ್ತೆ ಕೇಳಲಿಲ್ಲ. ಕವರು ಅವಳ ಕೈಯಲ್ಲೇ ಇತ್ತು. ಐದು ನಿಮಿಷ ಬಿಟ್ಟು ಅವಳೇ ಅಂದಳು, "ಬ್ಯಾಂಕ್ನೋರು ಹೋದ್ಸಲಾನೂ ಹೊಸದೇ ತತ್ತಾ ಅಂದ್ರು." ಏಳು ಹೋಯಿತು, ಒಂದು ಉಳಿಯಿತು. ಕಂಪ್ಯೂಟರ್ ಪಹಣಿ ಬೇಕಾದಾಗ ಹೊಸದು ತೆಗೆಸಬಹುದು, ಕೇಳುವವರೂ ಹೊಸದನ್ನೇ ಕೇಳುತ್ತಾರೆ. ಕೈಬರಹದ ಹಳೆ ಪಹಣಿ, ಮ್ಯುಟೇಷನ್ (ಖಾತೆ ಬದಲಾವಣೆ) ಪ್ರತಿ ಮಾತ್ರ ಬೇರೆ ವಿಷಯ. ಅವನ್ನು "ಮತ್ತೆ ಸಿಗಲ್ಲ" ಡಬ್ಬಕ್ಕೇ ಹಾಕಿದೆವು.

ನಾನು ಆ ಏಳನ್ನು ಕಿತ್ತು ಬಿಸಾಕಿದ್ದರೆ ಏನಾಗುತ್ತಿತ್ತು? ಅಕ್ಕ ಸಂಜೆ ಕಸದಿಂದ ಎತ್ತಿಕೊಂಡು ಬರುತ್ತಿದ್ದಳು. ಮುಂದಿನ ಸಲ ನನ್ನನ್ನು ಹಜಾರಕ್ಕೆ ಬಿಡುತ್ತಿರಲಿಲ್ಲ. ಮನೆಯವರು ಊರಿಗೆ ಹೋದಾಗ ಅವರ ಸಾಮಾನು ಖಾಲಿ ಮಾಡಿ "ಸರ್ಪ್ರೈಸ್" ಕೊಡುವವರಿಗೆ ಒಂದೇ ಮಾತು: ಮಾಡಬೇಡಿ. ಮನೆ ವಾರ ಚೊಕ್ಕಟವಾಗಿರುತ್ತದೆ, ನಂಬಿಕೆ ವರ್ಷಗಟ್ಟಲೆ ವಾಪಸ್ ಬರಲ್ಲ.

## ಹಂತ 6: ಕೊನೆಗೆ ಬೀರು, ಅಟ್ಟ, ಅಡುಗೆಮನೆ ಶೆಲ್ಫು

ಇಲ್ಲಿಗೆ ಬರುವ ಹೊತ್ತಿಗೆ ಎರಡು ತಿಂಗಳು ಆಗಿರಬೇಕು. ಆಗಿಲ್ಲ ಅಂದರೆ ಯಾವುದೋ ಹಂತ ಹಾರಿಸಿದ್ದೀರಿ.

ಒಂದು ಸಲಕ್ಕೆ ಒಂದೇ ಅರೆ. ಬೀರುವಿನ ಇಡೀ ಬಟ್ಟೆ ಮಂಚಕ್ಕೆ ಸುರಿದರೆ ರಾತ್ರಿ ಮಲಗುವುದು ಎಲ್ಲಿ? ದಿನಾ ಹಾಕುವ ಬಟ್ಟೆ ಮಡಿಚಿಡುವ ಆಸೆ ಬಿಟ್ಟು ಮೊಳೆಗೆ ನೇತುಹಾಕಿ. ಬೇಳೆಕಾಳು ಒಳಗೇನಿದೆ ಅಂತ ಕಾಣುವ ಗಾಜಿನ ಬಾಟಲಿಗೆ ಹಾಕಿ, ಇಲ್ಲದಿದ್ದರೆ ತೊಗರಿಬೇಳೆ ಮೂರು ಕೆಜಿ ಇದ್ದರೂ ನಾಲ್ಕನೆಯದು ತರುತ್ತೀರಿ. ಚೀಟಿ ಅಂಟಿಸುವಾಗ ನಿಮ್ಮ ಬಾಯಲ್ಲಿ ಬರುವ ಹೆಸರೇ ಬರೆಯಿರಿ. ನಮ್ಮನೆಯ ಒಂದು ಡಬ್ಬದ ಮೇಲೆ "ವೈರು ಗಿಯರು" ಅಂತ ಇದೆ. ಎಲ್ಲರಿಗೂ ಅರ್ಥ ಆಗುತ್ತದೆ.

ಮದುವೆ ಮುಂಜಿಗಳಲ್ಲಿ ಬಂದ ಸ್ಟೀಲ್ ಡಬ್ಬಿ, ಪ್ಲಾಸ್ಟಿಕ್ ಬುಟ್ಟಿ, ರವಿಕೆ ಕಣಗಳನ್ನು ಒಂದೇ ಅರೆಯಲ್ಲಿ ಇಟ್ಟು, ಅರೆ ತುಂಬಿದರೆ ಅಲ್ಲಿಗೆ ಮುಗಿಯಿತು ಅನ್ನುವ ಕಟ್ಟು ಮಾಡಿಕೊಳ್ಳಿ. ಹೊಸದು ಬಂದರೆ ಹಳೆಯದು ಹೊರಗೆ. ಸ್ಟೀಲು, ಹಿತ್ತಾಳೆಯನ್ನು ಪಾತ್ರೆ ಅಂಗಡಿಯವರು ತೂಕಕ್ಕೆ ತೆಗೆದುಕೊಳ್ಳುತ್ತಾರೆ.

ಇನ್ನು "ಗೊತ್ತಿಲ್ಲ" ಚೀಲಗಳು. ಇವಕ್ಕೆ ಮಾತ್ರ ಇನ್ನೂ ಸ್ವಲ್ಪ ಕಾಯಬೇಕು. ಮೇಲೆ ಬರೆದ ತಾರೀಕಿಗೆ ಆರು ತಿಂಗಳು ಆಗಿದ್ದರೆ, ಈ ಮಧ್ಯೆ ಅದರಲ್ಲಿರುವುದನ್ನು ನೀವು ಹುಡುಕಿಲ್ಲ ಅಂದರೆ, ಕಾಗದ ಮತ್ತು ಒಡವೆ ಇಲ್ಲ ಅಂತ ಒಮ್ಮೆ ಕೈಯಾಡಿಸಿ ನೋಡಿ, ಕೊಡಬಹುದಾದ್ದನ್ನು ಕೊಟ್ಟು ಉಳಿದದ್ದು ಕಸಕ್ಕೆ. ಕೈಯಾಡಿಸುವುದನ್ನು ಮಾತ್ರ ಬಿಡಬೇಡಿ. ನನ್ನ ಅಡದ ಚೀಟಿ ನೆನಪಿದೆಯಲ್ಲ.

## ಎಚ್ಚರಿಕೆ ಗಂಟೆ: ಇದು ಬರೀ ಸಾಮಾನಿನ ವಿಷಯ ಅಲ್ಲದಿದ್ದಾಗ

ಕೆಲವು ಸಲ ಯಾವ ಬುಟ್ಟಿ, ಮೊಳೆಯೂ ಸಾಲುವುದಿಲ್ಲ. ಈ ಗುರುತುಗಳನ್ನು ಗಮನಿಸಿ.

ಚಿಕ್ಕಂದಿನಿಂದಲೂ ಹೀಗೇ, ಶಾಲೆಯಲ್ಲೂ ಪೆನ್ಸಿಲ್, ಹೋಂವರ್ಕ್ ಕಳೆಯುತ್ತಿದ್ದಿರಿ, ಕೂತಲ್ಲಿ ಕೂರಲು, ಹಿಡಿದ ಕೆಲಸ ಮುಗಿಸಲು ಆಗುತ್ತಿರಲಿಲ್ಲ ಅಂದರೆ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದೆ ಚಡಪಡಿಸುವ ತೊಂದರೆ, ಇರಬಹುದು. ಅದು ಮಕ್ಕಳಿಗೆ ಮಾತ್ರ ಅಲ್ಲ, ದೊಡ್ಡವರಲ್ಲೂ ಮುಂದುವರಿಯಬಹುದು, ಚಿಕಿತ್ಸೆ ಇದೆ. ಮೊದಲು ಚೆನ್ನಾಗಿದ್ದು, ಒಂದು ಸಾವು ಅಥವಾ ಕೆಲಸ ಹೋದ ಮೇಲೆ ಸ್ನಾನ, ಊಟ, ಮನೆ ಎಲ್ಲದರ ಮೇಲೂ ಆಸೆ ಬಿಟ್ಟುಹೋಗಿದ್ದರೆ ಖಿನ್ನತೆ ಇರಬಹುದು. ಅರವತ್ತು ದಾಟಿದವರು ಇಷ್ಟು ವರ್ಷ ಅಚ್ಚುಕಟ್ಟಾಗಿದ್ದು ಈಗ ಹಣದ ಲೆಕ್ಕ, ಒಲೆ, ದಾರಿ ತಪ್ಪುತ್ತಿದ್ದರೆ ನೆನಪಿನ ಪರೀಕ್ಷೆ ಮಾಡಿಸಬೇಕು, "ವಯಸ್ಸಾಯ್ತು" ಅಂತ ಬಿಡಬಾರದು. ಇನ್ನು ಹಳೆ ಹಾಲಿನ ಕವರು ಬಿಸಾಕುವುದಕ್ಕೂ ಎದೆ ಹಿಂಡಿ, ಮಂಚ, ಬಚ್ಚಲು ಬಳಸಲಾಗದಷ್ಟು ತುಂಬಿದ್ದರೆ ಅದು ಕೂಡಿಡುವ ಕಾಯಿಲೆ ಆಗಿರಬಹುದು. ಮನೋವೈದ್ಯರು ಕಾಯಿಲೆ ಗುರುತಿಸಲು ಬಳಸುವ ಡಿಎಸ್‌ಎಂ ಪಟ್ಟಿಯಲ್ಲಿ 2013ರಿಂದ ಇದು ಒಂದು ಪ್ರತ್ಯೇಕ ಕಾಯಿಲೆಯಾಗಿಯೇ ಇದೆ.

ಇವುಗಳಲ್ಲಿ ಯಾವುದು ಅಂತ ನೀವೇ ತೀರ್ಮಾನ ಮಾಡಬೇಡಿ. ಮೈಸೂರಿನವರಿಗೆ ಕೆ.ಆರ್. ಆಸ್ಪತ್ರೆಯಲ್ಲಿ, ಮಂಡ್ಯದವರಿಗೆ ಮಿಮ್ಸ್ ಸರ್ಕಾರಿ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಇದೆ. ಹೋಗಲು ಹಿಂಜರಿಕೆ ಅಂದರೆ ಮೊದಲು 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಡಾಕ್ಟರ ಹತ್ತಿರ ಹೋಗುವಾಗ ಒಂದನೇ ಹಂತದ ಹಾಳೆ ತೆಗೆದುಕೊಂಡು ಹೋಗಿ. "ಎಲ್ಲ ಮರೆತುಹೋಗುತ್ತೆ ಡಾಕ್ಟ್ರೇ" ಅನ್ನುವುದಕ್ಕಿಂತ ಒಂಬತ್ತು ಸಲ ಕೀ, ಆರು ಸಲ ಕನ್ನಡಕ ಅಂತ ತೋರಿಸಿದರೆ ಅವರಿಗೂ ಅನುಕೂಲ.

## ಹಂತ 7: ಮತ್ತೆ ಹರಡಿದಾಗ

ಹರಡುತ್ತದೆ. ಯುಗಾದಿಗೆ ನೆಂಟರು ಬರುತ್ತಾರೆ, ಯಾರಿಗೋ ಡೆಂಗಿ ಆಗುತ್ತದೆ, ಪರೀಕ್ಷೆ ಬರುತ್ತದೆ. ಟೇಬಲ್ ಮತ್ತೆ ಮುಚ್ಚಿಹೋಗುತ್ತದೆ. ಆಗ ಮೊದಲಿನಿಂದ ಎಲ್ಲವನ್ನೂ ಮಾಡಬೇಕು ಅಂತ ಕೂತರೆ ಎದೆ ಒಡೆದುಹೋಗುತ್ತದೆ.

ಮೂರೇ ಕೆಲಸ, ಇದೇ ಕ್ರಮದಲ್ಲಿ. ಐದು ವಸ್ತು ತಮ್ಮ ಜಾಗದಲ್ಲಿವೆಯಾ ನೋಡಿ, ಇಲ್ಲದಿದ್ದರೆ ತಂದಿಡಿ. ಆಮೇಲೆ ಹದಿನೈದು ನಿಮಿಷ, ನೆಲದ ದಾರಿ ಮಾತ್ರ. ಆಮೇಲೆ ಕಾಗದದ ಬುಟ್ಟಿ ಬಗ್ಗಿಸಿ ಕೊನೇ ದಿನಗಳನ್ನು ಕ್ಯಾಲೆಂಡರಿಗೆ ಬರೆಯಿರಿ. ಟೇಬಲ್ ಮೇಲಿನದು ನಾಳೆಗೆ ಇರಲಿ, ಬೀರುವಿನ ಸುದ್ದಿಯೇ ಬೇಡ. ನಮ್ಮನೆಯಲ್ಲಿ ಇದಕ್ಕೆ ಸುಮಾರು ಮುಕ್ಕಾಲು ಗಂಟೆ ಹಿಡಿಯುತ್ತದೆ, ಎರಡು ಮೂರು ತಿಂಗಳಿಗೊಮ್ಮೆ ಮಾಡಲೇಬೇಕಾಗುತ್ತದೆ.

ಹೋದ ವಾರ ಮಾಡಿದಾಗ ಕೀ ಮೊಳೆಯಲ್ಲೇ ಇತ್ತು, ಕನ್ನಡಕ ಬುಟ್ಟಿಯಲ್ಲೇ ಇತ್ತು. ಕ್ಯಾಲೆಂಡರಿನಲ್ಲಿ ಬರೆಯಲು ಹೋದರೆ ದಾರ ಮಾತ್ರ ನೇತಾಡುತ್ತಿತ್ತು, ಪೆನ್ನಿಲ್ಲ. ಯಾರೋ ಹಾಲಿನವನಿಗೆ ಲೆಕ್ಕ ಬರೆದುಕೊಡಲು ಬಿಚ್ಚಿಕೊಂಡು ಹೋಗಿದ್ದಾರೆ. ಈ ಸಲ ಪೆನ್ಸಿಲ್ ಕಟ್ಟಿದ್ದೇನೆ, ಗಂಟು ಎರಡು ಹಾಕಿ.